ಒರೆಸದೆ ಬಿಟ್ಟ ಅರಿಶಿನ

ನಾನೊಂದು ಸೋಲ್ಡರಿಂಗ್ ಐರನ್. ಬೆಸುಗೆ ಕಡ್ಡಿ ಎಂದು ಯಾರೋ ಪುಸ್ತಕದಲ್ಲಿ ಬರೆದಿದ್ದಾರಂತೆ, ಆದರೆ ನನ್ನನ್ನು ಹಾಗೆ ಕರೆದವರನ್ನು ನಾನು ಈವರೆಗೆ ಕಂಡಿಲ್ಲ. ಒಂದು ಮರದ ಹಿಡಿ, ಒಂದು ಉಕ್ಕಿನ ಕೊಳವೆ, ತುದಿಗೆ ತಾಮ್ರದ ಮೂತಿ, ಹಿಂದೆ ಬಾಲದ ಹಾಗೆ ಒಂದು ವೈರು, ಇಷ್ಟೇ ನನ್ನ ಮೈ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನುಷ್ಯರು ಒಬ್ಬರನ್ನೊಬ್ಬರು ಬೈಯುವುದನ್ನು ಕೇಳಿದ್ದೇನೆ. ನನಗೆ ಅದು ಬೈಗುಳವಲ್ಲ, ಹೊಟ್ಟೆಪಾಡು. ಆ ಸಿಟ್ಟಿಗೇ ತವರ ಕರಗುತ್ತಿತ್ತು, ಬಿಟ್ಟುಹೋದ ಎರಡು ತಂತಿ ಒಂದಾಗುತ್ತಿದ್ದವು. ಈಗ ಆ ಸಿಟ್ಟೂ ನನ್ನಲ್ಲಿ ಉಳಿದಿಲ್ಲ. ಯಾಕೆ ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ, ಮೊದಲಿನಿಂದ ಕೇಳಿ.

ನಾನು ಹುಟ್ಟಿದ್ದು ಬೆಂಗಳೂರಿನ ರಾಜಾಜಿನಗರದ ಒಂದು ತಗಡಿನ ಶೆಡ್ಡಿನಲ್ಲಿ. ಕಾಗೆಬಂಗಾರದ ತೆಳ್ಳನೆಯ ಹಾಳೆಗೆ ಕೂದಲಿನಷ್ಟು ಸಣ್ಣ ತಂತಿ ಸುತ್ತಿ, ಅದನ್ನು ಕೊಳವೆಯೊಳಗೆ ತುರುಕಿ, ಹಿಡಿಗೆ ಕೆಂಪು ಬಣ್ಣ ಬಳಿದರು. ಪರೀಕ್ಷೆಗೆಂದು ಒಮ್ಮೆ ಕಾಯಿಸಿ, ನೀರು ಚಿಮುಕಿಸಿ, ಚುರ್ ಎಂದದ್ದು ಕೇಳಿ ರಟ್ಟಿನ ಡಬ್ಬಿಗೆ ಹಾಕಿದರು. ಅಲ್ಲಿಂದ ಮೈಸೂರಿಗೆ ಬಂದು, ಶಿವರಾಂಪೇಟೆಯ ರೇಡಿಯೋ ಸಾಮಾನಿನ ಅಂಗಡಿಯಲ್ಲಿ ಬಹಳ ಕಾಲ ಧೂಳು ತಿನ್ನುತ್ತಾ ಬಿದ್ದಿದ್ದೆ. ಬಂದವರೆಲ್ಲ ನನಗಿಂತ ಅಗ್ಗದವನನ್ನು ಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ಹಣೆ ಖಾಲಿ, ಕೈಬೆರಳೆಲ್ಲ ಕಪ್ಪು. ಊದುಬತ್ತಿ ಹೊಸೆಯುವವರ ಕೈ ಹಾಗೇ ಇರುತ್ತದೆ, ಎಷ್ಟು ತೊಳೆದರೂ ಇದ್ದಿಲು ಬಿಡುವುದಿಲ್ಲ. ಅವರ ಹೆಸರು ಚೆಲುವಮ್ಮ.

"ಚೆನ್ನಾಗಿರೋದು ಕೊಡಿ. ಬೇಗ ಕೆಡಬಾರದು" ಎಂದರು.

"ಮಗನಿಗಾ ತಾಯಿ?" ಎಂದು ಅಂಗಡಿಯವನು ಕೇಳಿದ.

"ಮಗಳಿಗೆ."

ಅಂಗಡಿಯವನು ಒಂದು ಸಲ ಅವರ ಮುಖ ನೋಡಿ, ಧೂಳು ಒರೆಸಿ ನನ್ನನ್ನು ಕೊಟ್ಟ. ನಾನು ಸೆರಗಿನ ಗಂಟಿನಲ್ಲಿ ಕುಳಿತು ಕ್ಯಾತಮಾರನಹಳ್ಳಿಯ ಒಂದು ಕೋಣೆಯ ಮನೆಗೆ ಹೋದೆ.

ಮಗಳು ಶಶಿರೇಖಾ. ಮಹಿಳಾ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಳು. ತೆಳ್ಳಗೆ, ಎಣ್ಣೆ ಹಾಕಿ ಬಿಗಿದ ಜಡೆ, ಮಾತು ಕಡಿಮೆ. ಮೊದಲ ದಿನವೇ ನನ್ನನ್ನು ತಪ್ಪಾಗಿ ಹಿಡಿದು ಹೆಬ್ಬೆರಳು ಸುಟ್ಟುಕೊಂಡಳು. ಅಳಲಿಲ್ಲ, ಬೆರಳನ್ನು ಬಾಯಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಕೆಲಸ ಮುಂದುವರಿಸಿದಳು. ನನಗೆ ಅವತ್ತೇ ಇವಳು ಹಿಡಿಸಿದಳು. ಕೋಣೆಯ ಆ ಮೂಲೆಯಲ್ಲಿ ತಾಯಿ ಊದುಬತ್ತಿ ಹೊಸೆಯುತ್ತಿದ್ದರೆ ಈ ಮೂಲೆಯಲ್ಲಿ ನಾನು ಹೊಗೆ ಬಿಡುತ್ತಿದ್ದೆ. ಮನೆಯ ಗಂಧ ಎರಡರ ಮಧ್ಯೆ ಸಿಕ್ಕಿ ಏನೋ ಒಂದಾಗಿತ್ತು. ಪಕ್ಕದ ಮನೆಯವರು, "ಚೆಲುವಮ್ಮ, ನಿಮ್ಮನೇಲಿ ದೇವರಿಗೆ ಹಚ್ತೀರೋ ರೇಡಿಯೋಗೆ ಹಚ್ತೀರೋ?" ಎಂದು ಕೇಳುತ್ತಿದ್ದರು.

ಅವಳ ತಂದೆ ತೀರಿಕೊಂಡಾಗ ಅವಳು ಪ್ರೈಮರಿ ಶಾಲೆಯ ಹುಡುಗಿ. ಅದನ್ನು ನಾನು ನೋಡಿಲ್ಲ, ಎಷ್ಟೋ ವರ್ಷದ ಮೇಲೆ ಅವಳು ಒಬ್ಬರಿಗೆ ಹೇಳುವಾಗ ಕೇಳಿದ್ದು. ಬೀದಿಯ ಹೆಂಗಸರು ತಾಯಿಯನ್ನು ಕೂರಿಸಿ, ಕೆನ್ನೆಯ ಅರಿಶಿನ ತೊಳೆದು, ಹಣೆಯ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರಂತೆ. ಕುಂಕುಮ ಪೂರ್ತಿ ಹೋಗಲಿಲ್ಲವೆಂದು ಒಬ್ಬಾಕೆ ಮತ್ತೆ ಮತ್ತೆ ತಿಕ್ಕಿದಳಂತೆ. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದಳು. ಅವತ್ತಿನಿಂದ ಯಾರೇ ಕುಂಕುಮ ಅಳಿಸುವುದನ್ನು ಕಂಡರೂ ಅವಳು ಅಲ್ಲಿಂದ ಎದ್ದು ಹೋಗುತ್ತಿದ್ದಳು.

ಡಿಪ್ಲೊಮಾ ಮುಗಿಸಿ ಅವಳು ಟೆಲಿಫೋನ್ ಕಾರ್ಖಾನೆಯ ಜೋಡಣೆ ವಿಭಾಗಕ್ಕೆ ಸೇರಿದಳು. ಹಗಲು ಕೆಲಸ, ಸಂಜೆ ಎಂಜಿನಿಯರಿಂಗ್ ಕಾಲೇಜು. ಕಾರ್ಖಾನೆಯಲ್ಲಿ ಬೇಕಾದಷ್ಟು ಐರನ್ನುಗಳಿದ್ದರೂ ನನ್ನನ್ನು ಊಟದ ಡಬ್ಬಿಯ ಜೊತೆ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದಳು. ಚಿತ್ರಾನ್ನದ ಪಕ್ಕ ಮಲಗಿ ಊರೆಲ್ಲ ಸುತ್ತಿದ ಐರನ್ ನಾನೊಬ್ಬನೇ ಇರಬೇಕು. ಆಮೇಲೆ ಬೆಂಗಳೂರಿನ ಒಂದು ವಿದೇಶಿ ಕಂಪನಿ ಸೇರಿದಳು, ಆಸ್ಪತ್ರೆಯ ಯಂತ್ರಗಳನ್ನು ಮಾಡುವ ಕಂಪನಿ. ಅಲ್ಲಿ ಮೀಟಿಂಗಿನಲ್ಲಿ ಅವಳೊಬ್ಬಳೇ ಹೆಣ್ಣು. "ನಿಮ್ಮ ಅಕ್ಷರ ಚೆನ್ನಾಗಿದೆ, ಚರ್ಚೆಯಾದದ್ದನ್ನು ನೀವೇ ಬರೆದಿಡಿ" ಎಂದರು. ಅವಳು ಬರೆದಿಟ್ಟಳು. ಯಾರೂ ಕಿವಿಗೆ ಹಾಕಿಕೊಳ್ಳದ ತನ್ನ ಆಕ್ಷೇಪಣೆಗಳನ್ನೂ ಅದೇ ಚೆಂದದ ಅಕ್ಷರದಲ್ಲಿ ಪ್ರತಿ ಸಲ ಬರೆದಿಟ್ಟಳು. ಒಂದು ಯಂತ್ರ ಕೈಕೊಟ್ಟಾಗ ಮೇಲಿನವರು ಆ ಕಾಗದ ತೆಗೆಸಿ ಓದಿದರು. ಮರುವರ್ಷ ಅವಳು ಆ ವಿಭಾಗದ ಮುಖ್ಯಸ್ಥೆಯಾದಳು.

ಆ ದೊಡ್ಡ ಕೆಲಸ ಬಿಟ್ಟು ಅವಳು ಮೈಸೂರಿಗೆ ಮರಳಿದ್ದು ಒಂದು ಯಂತ್ರದ ಆಸೆಗೆ. ಹುಟ್ಟಿದ ಕೂಸುಗಳಿಗೆ ಕಾಮಾಲೆ ಬರುತ್ತದೆ. ಬಹಳ ಮಕ್ಕಳಿಗೆ ತಾನಾಗಿ ಇಳಿಯುತ್ತದೆ, ಕೆಲವಕ್ಕೆ ಏರುತ್ತದೆ. ಏರಿದ್ದು ಗೊತ್ತಾದರೆ ನೀಲಿ ದೀಪದ ಕೆಳಗೆ ಮಲಗಿಸಿದರೆ ಸಾಕು. ಗೊತ್ತಾಗದೆ ಹೋದರೆ ಅದು ಮಿದುಳಿಗೆ ಹತ್ತಿ ಕಿವಿ ಹೋಗಬಹುದು, ಜೀವವೂ ಹೋಗಬಹುದು. ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಅದನ್ನು ಅಳೆಯಲು ಕೂಸಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕಿತ್ತು. ಹಣೆಗೆ ಮೆತ್ತಗೆ ಒತ್ತಿದರೆ ಬೆಳಕು ಬಿಟ್ಟು, ಚರ್ಮದ ಹಳದಿ ನೋಡಿ, ಕಾಮಾಲೆ ಎಷ್ಟಿದೆ ಎಂದು ಹೇಳುವ ಅಗ್ಗದ ಯಂತ್ರ ಮಾಡಬೇಕೆಂದು ಅವಳು ಹೊರಟಳು.

ಕೆ.ಆರ್.ಎಸ್. ರಸ್ತೆಯ ಒಂದು ಬಾಡಿಗೆ ಕೋಣೆಯಲ್ಲಿ ಅದರ ಮೊದಲ ಸರ್ಕ್ಯೂಟನ್ನು ಅವಳೂ ನಾನೂ ಸೇರಿ ಮಾಡಿದೆವು. ಅದಕ್ಕೆ 'ಎಳೆಬಿಸಿಲು' ಎಂದು ಹೆಸರಿಟ್ಟಳು. ಹಣ ಹಾಕಲು, ವ್ಯವಹಾರ ನೋಡಿಕೊಳ್ಳಲು ಚಂದ್ರಚೂಡ ಎಂಬ ಪಾಲುದಾರರು ಬಂದರು. ಕಂಪನಿಗೆ 'ತೊಟ್ಟಿಲು ಮೆಡಿಕಲ್' ಎಂದು ಹೆಸರಾಯಿತು, ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಸ್ವಂತ ಕಟ್ಟಡವಾಯಿತು, ಶಶಿರೇಖಾ ಮ್ಯಾನೇಜಿಂಗ್ ಡೈರೆಕ್ಟರ್ ಆದಳು. ಜಡೆ ಹೋಗಿ ಗಿಡ್ಡ ಕೂದಲು ಬಂತು, ಕನ್ನಡಕ ಬಂತು. ಪ್ರಶಸ್ತಿಗಳು ಬಂದವು, ಕಾಲೇಜುಗಳಲ್ಲಿ ಭಾಷಣಕ್ಕೆ ಕರೆದರು. ನನ್ನನ್ನು 'ಸಂಸ್ಥಾಪಕಿಯ ಮೊದಲ ಉಪಕರಣ' ಎಂದು ಬರೆದು ಅವಳ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಕೆಲಸವಿಲ್ಲದೆ ಮಲಗುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಬಂದವರು ಬಗ್ಗಿ ನೋಡಿ ಹೋಗುತ್ತಿದ್ದರು, ನಾನು ತಣ್ಣಗೆ ಕೊತಕೊತ ಎನ್ನುತ್ತಿದ್ದೆ.

ಇನ್ನು ಅತ್ತೆಯ ವಿಷಯ ಹೇಳಬೇಕು. ಕಾರ್ಖಾನೆಯಲ್ಲಿ ಒಂದು ಬಿಳಿ ಬಿಲ್ಲೆ ಇತ್ತು. ಅಂಗೈಯಗಲದ್ದು, ಹಾಲಿನಷ್ಟು ಬಿಳಿ, ಮುಚ್ಚಳವಿದ್ದ ಪುಟ್ಟ ಪೆಟ್ಟಿಗೆಯಲ್ಲಿ ಇರುತ್ತಿತ್ತು. ತಯಾರಾದ ಪ್ರತಿ ಯಂತ್ರಕ್ಕೂ ಮೊದಲು ಆ ಬಿಲ್ಲೆಯನ್ನು ತೋರಿಸಿ, ಬಿಳಿ ಎಂದರೆ ಇದು ಎಂದು ಕಲಿಸಬೇಕು. ಆಮೇಲೆ ಯಂತ್ರ ಜಗತ್ತಿನ ಹಳದಿಯನ್ನೆಲ್ಲ ಅಳೆಯುವುದು ಆ ಬಿಳಿಯನ್ನು ನೆನಪಿಟ್ಟುಕೊಂಡೇ. ಅದರ ಒಪ್ಪಿಗೆ ಇಲ್ಲದೆ ಒಂದು ಯಂತ್ರವೂ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಕೆಲಸದ ಹೆಣ್ಣುಮಕ್ಕಳು ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದರು. "ಅತ್ತೆ ಒಪ್ಪಿದ್ರಾ?" "ಇಲ್ಲ ಕಣೇ, ಇವತ್ತು ಯಾಕೋ ಮುನಿಸಿಕೊಂಡಿದ್ದಾರೆ." ಆ ವಿಭಾಗ ನೋಡಿಕೊಳ್ಳುತ್ತಿದ್ದವರು ಗೌರಮ್ಮ. ಟೆಲಿಫೋನ್ ಕಾರ್ಖಾನೆಯ ಕಾಲದಿಂದ ಶಶಿರೇಖೆಯ ಜೊತೆಗಿದ್ದವರು.

ಆಯುಧಪೂಜೆಯ ದಿನ ಎಲ್ಲ ಯಂತ್ರಗಳಿಗೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕುತ್ತಿದ್ದರು. ಮೊದಲ ಪೂಜೆ ಅತ್ತೆಗೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಬೊಟ್ಟಿಡುವುದು ರೂಢಿ. ಒಂದು ವರ್ಷ ಶಶಿರೇಖಾ ತಾಯಿಯನ್ನು ಕಾರ್ಖಾನೆಗೆ ಕರೆತಂದಳು. ಎಲ್ಲರ ಎದುರು ಅರಿಶಿನ ಕುಂಕುಮದ ತಟ್ಟೆಯನ್ನು ತಾಯಿಯ ಕೈಗೆ ಕೊಟ್ಟಳು.

ಚೆಲುವಮ್ಮ ಹಿಂದೆ ಸರಿದರು. "ನಾನು ಮುಟ್ಟಬಾರದು ಕಣೇ ರೇಖಾ. ಗೌರಮ್ಮ ಮಾಡ್ಲಿ."

"ಈ ಕಾರ್ಖಾನೆ ನಿಂತಿರೋದು ನಿನ್ನ ಕೈಯಿಂದ. ನೀನೇ ಮಾಡು" ಎಂದಳು ಮಗಳು.

ನನ್ನನ್ನೂ ಗಾಜಿನ ಪೆಟ್ಟಿಗೆಯಿಂದ ತೆಗೆದು ಅದೇ ಮೇಜಿನ ಮೇಲೆ ಇಟ್ಟಿದ್ದರು. ಕೆನ್ನೆಗೆ ಹಚ್ಚಿಕೊಳ್ಳಲು ಬಿಡದ ಅರಿಶಿನದಲ್ಲಿ ಆ ಮುದುಕಿ ಎಷ್ಟೋ ವರ್ಷಗಳ ಮೇಲೆ ಬೆರಳದ್ದಿದರು. ಮೊದಲು ನನ್ನ ಹಿಡಿಗೆ ಹಚ್ಚಿದರು. ಬಣ್ಣ ಎದ್ದುಹೋಗಿ ಮರ ಕಾಣುತ್ತಿದ್ದ ಕಡೆ ಅದು ಇಂಗಿತು. ಕಂಪನಿಯ ಪತ್ರಿಕೆಗೆ ಫೋಟೋ ತೆಗೆಯಲು ಬಂದವನು, "ಮುಚ್ಚಳ ತೆಗೆದಿಟ್ಟರೆ ಬಿಳಿ ಮೇಲೆ ಬಣ್ಣ ಚೆನ್ನಾಗಿ ಕಾಣುತ್ತೆ ಮೇಡಂ" ಎಂದ. ಮುಚ್ಚಳ ತೆಗೆದರು. ಬಿಲ್ಲೆಯ ಅಂಚಿನ ಕಟ್ಟಿನ ಮೇಲೆ ಬೊಟ್ಟಿಡು ಎಂದು ಶಶಿರೇಖಾ ತೋರಿಸಿಕೊಟ್ಟಳು. ಅಲ್ಲಿಗೆ ಬೆಳಕು ಬೀಳುವುದಿಲ್ಲ, ಅಡ್ಡಿಯಿಲ್ಲ ಎಂದು ಅವಳ ಲೆಕ್ಕ. ಅಷ್ಟರಲ್ಲಿ ಯಾರೋ ನನ್ನ ಮೇಲೆ ಹೂ ಸುರಿದರು, ಮುಂದಿನದು ನನಗೆ ಕಾಣಲಿಲ್ಲ.

ಕೇಳಿದ್ದು ಮಾತ್ರ ನೆನಪಿದೆ. ಗೌರಮ್ಮ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ತಂದಿದ್ದರು. "ಮೇಡಂ, ಅಂಚಿಂದು ಒರೆಸಿಬಿಡ್ಲಾ? ಮುಚ್ಚಳ ಹಾಕಬೇಕು."

"ಬೇಡ ಗೌರಮ್ಮ. ಅಮ್ಮ ಹಚ್ಚಿದ್ದು. ಅದನ್ನ ಯಾರೂ ಒರೆಸಬೇಡಿ."

ಗೌರಮ್ಮ ಹತ್ತಿ ಬಿಸಾಡಿ ಮುಚ್ಚಳ ಹಾಕಿದರು. ಪೂಜೆಯ ಕುಂಕುಮ ತಾನಾಗಿ ಉದುರಬೇಕೇ ಹೊರತು ಒರೆಸಬಾರದು ಎಂಬುದು ಅವರ ಮನೆಯಲ್ಲೂ ಇದ್ದ ರೂಢಿ. ವರ್ಷಕ್ಕೊಮ್ಮೆ ಬಿಲ್ಲೆಯನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಬೇಕಿತ್ತು. ಆ ಸಲ ದಸರಾ ಆದಮೇಲೆ ದೊಡ್ಡ ಆರ್ಡರು ಇದ್ದದ್ದರಿಂದ, ಸಂಕ್ರಾಂತಿಯ ನಂತರ ಕಳಿಸೋಣ ಎಂದು ಚಂದ್ರಚೂಡ ಮುಂದೂಡಿದರು. ಆ ನಡುವೆ ತಯಾರಾದ ಎಳೆಬಿಸಿಲುಗಳು ಉತ್ತರದ ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋದವು.

ಸಂಕ್ರಾಂತಿಯ ಎಳ್ಳು ಬೆಲ್ಲದ ಪೊಟ್ಟಣ ಇನ್ನೂ ಮೇಜಿನ ಮೇಲೆ ಇದ್ದಾಗ ಆ ಫೋನು ಬಂತು. ಕೊಪ್ಪಳದ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯ ನರ್ಸ್, ಹೆಸರು ಶರಣಮ್ಮ. ಶಶಿರೇಖಾ ಕಾಗದ ಪತ್ರ ನೋಡುತ್ತಲೇ ಸ್ಪೀಕರಿಗೆ ಹಾಕಿದಳು.

"ಮೇಡಂ, ನಿಮ್ಮ ಮಷೀನಿಂದು ಒಂದು ಮಾತ್ ಕೇಳಬೇಕಾಗಿತ್ರಿ. ಕೂಸು ಕಣ್ಣಿಗೆ ಹಳದಿ ಕಾಣತಿತ್ರಿ. ಮಷೀನ್ ಹಣಿಗೆ ಇಟ್ಟರ ಏನೂ ಇಲ್ಲ ಅಂತ ತೋರಸ್ತು. ನಾ ಮಷೀನ್ ನಂಬಿದೆ ಮೇಡಂ, ನನ್ ಕಣ್ ನಂಬಲಿಲ್ಲ. ಮನಿಗೆ ಕಳಿಸಿಬಿಟ್ಟೆ. ಈಗ ಆ ಕೂಸಿಗೆ ಫಿಟ್ಸ್ ಬಂದು ದೊಡ್ಡಾಸ್ಪತ್ರಿಗೆ ಒಯ್ದಾರ್ರಿ. ಅಲ್ಲಿ ರಕ್ತ ನೋಡಿದ್ರ ಕಾಮಣಿ ಭಾಳ ಐತಂತ."

ಶಶಿರೇಖಾ ಪೆನ್ನು ಕೆಳಗಿಟ್ಟಳು. "ಆ ಮಷೀನ್ ಯಾವಾಗ ಬಂದಿದ್ದು ಸಿಸ್ಟರ್?"

"ದೀಪಾವಳಿ ಮುಂದ ಬಂತ್ರಿ."

ಅವಳು ಅರ್ಧ ದಿನವೂ ಕಾಯಲಿಲ್ಲ. ಬೆಂಗಳೂರಿಗೆ ಕಾರು ಕಳಿಸಿ ಹೊಸ ಬಿಳಿ ಬಿಲ್ಲೆ ತರಿಸಿದಳು. ಎರಡನ್ನೂ ತನ್ನ ಕೋಣೆಯ ಕಿಟಕಿಯ ಬೆಳಕಿಗೆ ಅಕ್ಕಪಕ್ಕ ಹಿಡಿದಳು. ಒಂಟಿಯಾಗಿ ನೋಡುವಾಗ ನಮ್ಮ ಅತ್ತೆ ಬೆಳ್ಳಗೇ ಇದ್ದಳು. ಹೊಸದರ ಪಕ್ಕದಲ್ಲಿ ಅವಳ ಮುಖದ ಮೇಲೆ ತೆಳ್ಳನೆಯ ಹಳದಿ ಪೊರೆ ಕಂಡಿತು. ಗಾಜಿನೊಳಗಿದ್ದ ನನಗೂ ಕಂಡಿತು. ಆ ಹಳದಿಯನ್ನು ಬಿಳಿ ಎಂದು ಕಲಿತ ಯಂತ್ರಗಳು ಹಳದಿ ಕೂಸುಗಳನ್ನು ನೋಡಿ ಚೆನ್ನಾಗಿವೆ ಎಂದು ಹೇಳುತ್ತಾ ಕೂತಿದ್ದವು.

"ಅಂಚಲ್ಲಿ ತಾನೇ ಇಟ್ಟಿದ್ದು. ಮುಖಕ್ಕೆ ಹೆಂಗೆ ಬಂತು ಮೇಡಂ?" ಎಂದು ಗೌರಮ್ಮ ಪಿಸುಗುಟ್ಟಿದರು.

"ಮುಚ್ಚಳದೊಳಗೆ ಒದ್ದೆ ಕಟ್ಟಿ ಹರಡಿರಬೇಕು. ನೀವು ಒರೆಸ್ತೀನಿ ಅಂದ್ರಿ. ನಾನೇ ಬೇಡ ಅಂದೆ." ಆಮೇಲೆ ಅವಳು ಗೌರಮ್ಮನ ಎರಡೂ ಕೈ ಹಿಡಿದುಕೊಂಡಳು. "ಅಮ್ಮನಿಗೆ ಗೊತ್ತಾಗಬಾರದು ಗೌರಮ್ಮ. ಯಾವತ್ತೂ ಗೊತ್ತಾಗಬಾರದು. ಗೊತ್ತಾದರೆ ಅವಳು ಉಳಿಯಲ್ಲ." ಅಪ್ಪ ಸತ್ತ ದಿನದ ಆ ಒದ್ದೆ ಬಟ್ಟೆಯ ಕಥೆಯನ್ನು ಅವಳು ಹೇಳಿದ್ದು ಆಗಲೇ. ಹೇಳುತ್ತಾ ಅವಳು ಅತ್ತ ರೀತಿಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅದೇ ಸಂಜೆ ಚಂದ್ರಚೂಡ ಬಂದರು. ಅವರು ಕೆಟ್ಟವರಲ್ಲ. ಬಂದವರೇ ಕುರ್ಚಿಯಲ್ಲಿ ತಲೆ ಹಿಡಿದು ಕೂತರು.

"ಹೊಸ ಬಿಲ್ಲೆ ಬಂತಲ್ಲ. ಹೋಗಿರೋ ಮಷೀನುಗಳನ್ನ ಸರ್ವೀಸ್ ನೆಪದಲ್ಲಿ ಒಂದೊಂದಾಗಿ ವಾಪಸ್ ತರಿಸೋಣ. ಡಂಗುರ ಯಾಕೆ ಹೊಡೀಬೇಕು? ಕಂಪನಿ ಮುಚ್ಚಿಹೋಗುತ್ತೆ ಮೇಡಂ. ಇಷ್ಟು ಹೆಣ್ಮಕ್ಕಳು ಎಲ್ಲಿಗೆ ಹೋಗ್ತಾರೆ?"

"ನಾವು ಒಂದೊಂದಾಗಿ ತರಿಸೋ ತನಕ ಅಲ್ಲಿ ಮಕ್ಕಳು ಹುಟ್ಟೋದು ನಿಲ್ಲುತ್ತಾ?"

"ಕಾರಣ ಏನು ಅಂತ ಹೇಳ್ತೀರಿ? ಪೂಜೆ ಅಂತಾನಾ? ಪತ್ರಿಕೆಗೆ ಅಂತ ತೆಗೆದ, ಇನ್ನೂ ಅಚ್ಚಾಗದ ಆ ಫೋಟೋದಲ್ಲಿ ನಿಮ್ಮಮ್ಮನ ಕೈ ಇದೆ. ಟಿವಿಯವರ ಕೈಗೆ ಅದು ಸಿಕ್ಕರೆ ಏನಾಗುತ್ತೆ ಯೋಚಿಸಿ."

ಅವಳು ಎದ್ದು ಹಳೆಯ ಬಿಲ್ಲೆಯನ್ನು ಪೆಟ್ಟಿಗೆಗಿಟ್ಟು ಮುಚ್ಚಳ ಹಾಕಿದಳು. ನನಗೆ ಮೈ ಕಾಯಿಸಿಕೊಂಡು ಆ ಗಾಜು ಒಡೆಯಬೇಕೆನಿಸಿತು. ವೈರನ್ನು ಸುತ್ತಿಟ್ಟಿದ್ದರು, ನಾನೇನು ಮಾಡಲಿ. ಕೊನೆಗೆ ಅವಳೇ ಒಂದು ಒಪ್ಪಂದ ಮುಂದಿಟ್ಟಳು. ಎಲ್ಲ ಯಂತ್ರಗಳನ್ನೂ ಈಗಲೇ ಬಹಿರಂಗವಾಗಿ ವಾಪಸ್ ಕರೆಯಬೇಕು. ಅರಿಶಿನ ಹಚ್ಚಿದ್ದು ತಾನೇ ಎಂದು ಅವಳು ಬರೆದುಕೊಡುತ್ತಾಳೆ, ತಪ್ಪನ್ನೆಲ್ಲ ಹೊತ್ತುಕೊಂಡು ರಾಜೀನಾಮೆ ಕೊಡುತ್ತಾಳೆ, ಅದರಿಂದ ಕಂಪನಿ ಉಳಿದರೆ ಉಳಿಯಲಿ. ಬದಲಿಗೆ ಆ ಫೋಟೋಗಳು ಒಂದೂ ಇರಕೂಡದು. ಚಂದ್ರಚೂಡ ತಲೆ ಎತ್ತದೆ ಒಪ್ಪಿದರು.

ಸಹಿ ಹಾಕುವ ಮುಂಚೆ ಅವಳು ಆಸ್ಪತ್ರೆಗಳಿಗೆಲ್ಲ ತಾನೇ ಫೋನು ಮಾಡಿದಳು. "ನಾನು ಶಶಿರೇಖಾ, ಎಳೆಬಿಸಿಲು ಮಾಡಿದವಳು. ಅದನ್ನ ಬಳಸಬೇಡಿ. ದಸರಾದಿಂದ ಈಚೆಗೆ ಮನೆಗೆ ಕಳಿಸಿದ ಮಕ್ಕಳನ್ನ ಮತ್ತೆ ಕರೆಸಿ ರಕ್ತ ನೋಡಿ." ಅದೇ ಮಾತು, ಅದೇ ಸ್ವರ, ಗಂಟಲು ಒಡೆಯುವ ತನಕ. ಕೆಲವರು ಬೈದರು, ಕೆಲವರು ಅರ್ಥವಾಗಲಿಲ್ಲವೆಂದು ಮತ್ತೊಮ್ಮೆ ಹೇಳಿಸಿದರು.

ಮರುದಿನ ಅವಳು ಹೊರಡುವಾಗ ನನ್ನ ಪೆಟ್ಟಿಗೆಗೆ ಕೈ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ಸೆಕ್ಯುರಿಟಿಯವನು ನೆಲ ನೋಡುತ್ತಾ, "ಅದು ಕಂಪನಿ ಸಾಮಾನು ಅಂತ ಹೇಳಿದ್ದಾರೆ ಮೇಡಂ" ಎಂದ. ಅವನಿಗೂ ಸಂಕಟವಾಗಿತ್ತು. ಅವಳು ಕೈ ಹಿಂದೆ ತೆಗೆದುಕೊಂಡಳು. ತಾಯಿ ಸೆರಗಿನಲ್ಲಿ ಕಟ್ಟಿ ತಂದ ನನ್ನನ್ನು ಬಿಟ್ಟು ಅವಳು ಮೆಟ್ಟಿಲಿಳಿದು ಹೋದಳು.

ಆಮೇಲೆ ಅವಳ ಜಾಗಕ್ಕೆ ಬಂದವರಿಗೆ ನಾನು ಬೇಡವಾದೆ. ಫಲಕ ಕಿತ್ತರು, ಪೆಟ್ಟಿಗೆಯನ್ನು ಬೇರೆಯದಕ್ಕೆ ಬಳಸಿದರು, ನನ್ನನ್ನು ಮುರಿದ ಕುರ್ಚಿಗಳ ಜೊತೆ ಹಿತ್ತಲಿನ ಗುಜರಿ ರಾಶಿಗೆ ಎಸೆದರು. ಒಂದು ಮಳೆಗಾಲವನ್ನು ಅಲ್ಲೇ ಒಂದು ಟೇಬಲ್ಲಿನ ಕೆಳಗೆ ಕಳೆದೆ. ಗುಜರಿಯವನು ಗಾಡಿ ತಂದ ದಿನ ಗೌರಮ್ಮ ನನ್ನನ್ನು ಕಂಡು ಊಟದ ಚೀಲಕ್ಕೆ ಹಾಕಿಕೊಂಡರು. ಅದೇ ಭಾನುವಾರ ನಾನು ಶಶಿರೇಖೆಯ ಮನೆಯ ಅಡಿಗೆಮನೆಯ ಶೆಲ್ಫ್ ಸೇರಿದೆ.

ಮನೆ ಬದಲಾಗಿತ್ತು. ಟಿವಿ ಕೆಟ್ಟಿದೆ ಎಂದು ಶಶಿರೇಖಾ ತಾಯಿಗೆ ಹೇಳಿದ್ದಳು, ಪೇಪರು ನಿಲ್ಲಿಸಿದ್ದಳು. ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದರೆ, "ದುಡಿದದ್ದು ಸಾಕಾಯ್ತಮ್ಮ" ಎನ್ನುತ್ತಿದ್ದಳು. ಆಗಾಗ ಬ್ಯಾಗು ಹಿಡಿದು ಬಸ್ಸು ಹತ್ತಿ ಹೋಗುತ್ತಿದ್ದಳು. ಹೋಗುತ್ತಿದ್ದದ್ದು ಆ ಯಂತ್ರಗಳು ಮುಟ್ಟಿದ ಮಕ್ಕಳ ಮನೆಗಳಿಗೆ. ಬಹಳ ಮಕ್ಕಳು ಚೆನ್ನಾಗಿದ್ದವು. ಒಂದೊಂದು ಮನೆಯಿಂದ ಬಂದಾಗಲೂ ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದಳು. ಶರಣಮ್ಮ ಹೇಳಿದ ಆ ಒಂದು ಮನೆಗೆ ಮಾತ್ರ ಹೋಗಿರಲಿಲ್ಲ, ಹೋಗುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಆ ಕೂಸು ಉಳಿದಿತ್ತು, ಹೆಣ್ಣು, ಹೆಸರು ಭೂಮಿಕಾ. ಕಿವಿ ಕೇಳುವುದಿಲ್ಲ ಎಂಬುದು ಈಗ ಗೊತ್ತಾಗಿತ್ತು. ಇದರಿಂದಲೇ ಆದದ್ದೆಂದು ಹೇಳಲಾಗದು, ಇದರಿಂದ ಅಲ್ಲವೆಂದೂ ಹೇಳಲಾಗದು ಎಂದು ಡಾಕ್ಟರು ಹೇಳಿದ್ದರಂತೆ. ಆ ಮೊದಲನೆಯ ಮಾತು ಅವಳಿಗೆ ಕೇಳಿಸುತ್ತಲೇ ಇರಲಿಲ್ಲ.

ಇನ್ನೊಂದನ್ನು ನಾನು ಶೆಲ್ಫಿನ ಮೇಲಿಂದ ಗಮನಿಸಿದೆ. ಚೆಲುವಮ್ಮನ ಸಾರು ಬೆಳ್ಳಗಿರುತ್ತಿತ್ತು. ಅನ್ನಕ್ಕೆ ಕಲಸಿದರೆ ಬೇಳೆ ಕಟ್ಟಿನ ಬಣ್ಣ. ಮುದುಕಿಗೆ ಅರಿಶಿನ ಹಾಕುವುದು ಮರೆತುಹೋಗುತ್ತದೆ ಎಂದು ನಾನು ಎಣಿಸಿದೆ. ಮಗಳು ಕೇಳಲಿಲ್ಲ, ಸುಮ್ಮನೆ ಉಣ್ಣುತ್ತಿದ್ದಳು.

ಆ ವರ್ಷದ ದಸರಾ ಕಳೆದು, ಮುಂದಿನ ದಸರಾ ಹೊತ್ತಿಗೆ ಶರಣಮ್ಮ ಮತ್ತೆ ಫೋನು ಮಾಡಿದರು. ಭೂಮಿಕಾಗೆ ಸರ್ಕಾರದವರು ಕಿವಿಯ ಯಂತ್ರ ಕೊಟ್ಟಿದ್ದರು, ಅದರ ವೈರು ಕಿತ್ತುಹೋಗಿತ್ತು. ರಿಪೇರಿಗೆ ಯಾರೂ ಸಿಗುತ್ತಿಲ್ಲ. "ನೀವ ಬರ್ರಿ ಮೇಡಂ. ಬಂದ್ ನೋಡ್ರಿ ಒಮ್ಮೆ" ಎಂದರು. ಶಶಿರೇಖಾ ನನ್ನನ್ನು ಶೆಲ್ಫಿನಿಂದ ತೆಗೆದು, ತುಕ್ಕು ಉಜ್ಜಿ, ಮೂತಿಗೆ ತವರ ಹಚ್ಚಿ ನೋಡಿದಳು. ನಾನು ಇನ್ನೂ ಕಾಯುತ್ತಿದ್ದೆ. ಬಹಳ ವರ್ಷಗಳ ಮೇಲೆ ನಾವಿಬ್ಬರೂ ಕೆಲಸಕ್ಕೆ ಹೊರಟೆವು.

ಶರಣಮ್ಮನೇ ಮನೆ ತೋರಿಸಿದರು. ತಗಡಿನ ಮಾಡು, ಬಾಗಿಲಲ್ಲಿ ಒಂದು ಆಡು. ಕೂಸಿನ ತಾಯಿ ದೇವಮ್ಮ, ಇನ್ನೂ ಚಿಕ್ಕ ವಯಸ್ಸು, ಕೌದಿ ಹಾಸಿ ಕೂರಿಸಿದಳು.

"ಆ ಮಷೀನ್ ಮಾಡಿದವ್ರು ನೀವ ಏನ್ರಿ ಅಕ್ಕಾರ?"

"ಹೌದಮ್ಮ. ನಾನೇ."

ದೇವಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಭಾಳ ದೊಡ್ಡವ್ರು ಅಂತ ಅನ್ಕೊಂಡಿದ್ದೆ. ನಮ್ಮಂಗ ಅದೀರಿ" ಎಂದು ಚಹಾ ಇಡಲು ಎದ್ದಳು. ಬೈದಿದ್ದರೆ ಶಶಿರೇಖೆಗೆ ಸುಲಭವಾಗುತ್ತಿತ್ತು ಎಂದು ನನಗನಿಸಿತು.

ನಾನು ಕಾದೆ. ಭೂಮಿಕಾ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನನ್ನ ಹೊಗೆ ಹಿಡಿಯಲು ಕೈಯಾಡಿಸುತ್ತಿದ್ದಳು. ಕಿತ್ತ ವೈರು ಕೂತಿತು. ಹೊಳೆಯುವ, ದುಂಡನೆಯ, ಚೊಕ್ಕ ಬೆಸುಗೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯದನ್ನು ಹಾಕಿರಲಿಲ್ಲ. ಶಶಿರೇಖಾ ಯಂತ್ರವನ್ನು ಮೊದಲು ತನ್ನ ಕಿವಿಗಿಟ್ಟು ನೋಡಿ ಮಗುವಿನ ಕಿವಿಗೆ ಹಾಕಿದಳು. ದೇವಮ್ಮ ಹಿಂದೆ ನಿಂತು ಹೆಸರು ಹಿಡಿದು ಕರೆದಳು. ಶರಣಮ್ಮ ತಟ್ಟೆ ಬಡಿದರು, ಬಾಗಿಲ ಆಡು ಬೆದರಿ ಎದ್ದಿತು. ಮಗು ಹೊಗೆ ಹಿಡಿಯುತ್ತಲೇ ಇತ್ತು.

ಯಂತ್ರ ಸರಿಯಾಗಿತ್ತು. ಶಶಿರೇಖಾ ಅದನ್ನು ಇನ್ನೊಮ್ಮೆ ಬಿಚ್ಚಿದಳು, ಸರಿಯಾಗಿದ್ದ ಬೆಸುಗೆಯನ್ನೇ ಮತ್ತೆ ಕರಗಿಸಿ ಮತ್ತೆ ಹಾಕಿದಳು. ಮತ್ತೂ ಬಿಚ್ಚಲು ಹೋದಾಗ ಶರಣಮ್ಮ ಅವಳ ಕೈ ಹಿಡಿದರು.

"ಸಾಕ್ರಿ ಮೇಡಂ."

ಹೊರಡುವಾಗ ದೇವಮ್ಮ ಅರಿಶಿನ ಕುಂಕುಮ ತಂದಳು. ಶಶಿರೇಖಾ ಹಿಂದೆ ಸರಿದಳು, "ನನಗೆ ಬೇಡಮ್ಮ" ಎಂದಳು. "ಮನಿಗೆ ಬಂದ ಹೆಣಮಗಳನ್ನ ಹಂಗ ಕಳಸಬಾರದ್ರಿ" ಎಂದು ದೇವಮ್ಮ ಅವಳ ಎರಡೂ ಕೆನ್ನೆಗೆ ಅರಿಶಿನ ಹಚ್ಚಿಯೇ ಬಿಟ್ಟಳು. ಬಸ್ಸಿನಲ್ಲಿ ಅವಳು ಕೆನ್ನೆ ಒರೆಸಲಿಲ್ಲ, ಕಣ್ಣೂ ಒರೆಸಲಿಲ್ಲ.

ಮೈಸೂರು ತಲುಪಿದಾಗ ಆಯುಧಪೂಜೆಯ ಬೆಳಿಗ್ಗೆ. ಬೀದಿಯಲ್ಲಿ ಆಟೋ, ಬೈಕುಗಳಿಗೆಲ್ಲ ಹಾರ. ಒಡೆದ ಕುಂಬಳಕಾಯಿಯ ಹೋಳುಗಳನ್ನು ತುಳಿಯದೆ ನಡೆಯುವುದೇ ಕಷ್ಟ. ಚೆಲುವಮ್ಮ ಬಾಗಿಲು ತೆಗೆದು ಮಗಳ ಕೆನ್ನೆ ನೋಡಿದರು.

"ಯಾರು ಹಚ್ಚಿದ್ದು?"

"ಒಬ್ಬರ ಮನೆಗೆ ಹೋಗಿದ್ದೆ ಅಮ್ಮ. ಮಗುವಿನ ತಾಯಿ."

ಚೆಲುವಮ್ಮ ಬ್ಯಾಗಿನಿಂದ ಬಟ್ಟೆ ತೆಗೆಯಲು ಹೋದರು. ಅವರ ಕೈಗೆ ಸಿಕ್ಕಿದ್ದು ನಾನು. ಹಿಡಿಯನ್ನು ಕಣ್ಣಿನ ಹತ್ತಿರ ಹಿಡಿದು, ಮರದಲ್ಲಿ ಇಂಗಿದ್ದ ಹಳೆಯ ಹಳದಿಯನ್ನು ಉಗುರಿನಿಂದ ಕೆರೆದರು. ಆಮೇಲೆ ನನ್ನನ್ನು ಬಚ್ಚಲಿಗೆ ಒಯ್ದು, ನೀರು ಸುರಿದು, ಸೋಪು ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕತೊಡಗಿದರು.

ಶಶಿರೇಖಾ ಬಚ್ಚಲ ಬಾಗಿಲಿಗೆ ಬಂದಳು. "ಬಿಡಮ್ಮ. ಅದು ಹೋಗಲ್ಲ."

"ಅವತ್ತೂ ಹೋಗಲಿಲ್ಲ ಕಣೇ" ಎಂದರು ಚೆಲುವಮ್ಮ, ತಲೆ ಎತ್ತದೆ. "ನೀನು ಫೋಟೋದವನ ಕಡೆ ತಿರುಗಿದ್ದೆ. ನನ್ನ ಹೆಬ್ಬೆಟ್ಟು ಜಾರಿ ಆ ಬಿಳೀದರ ಮುಖಕ್ಕೇ ಸೋಕಿಬಿಡ್ತು. ಎಲ್ಲರ ಮುಂದೆ ನಿನಗೆ ಅವಮಾನ ಆಗುತ್ತೆ ಅಂತ ಸೆರಗಲ್ಲಿ ಒರೆಸಿದೆ. ಒರೆಸಿದಷ್ಟೂ ಹರಡಿತು. ಆಮೇಲೆ ಕಣ್ಣಿಗೆ ಕಾಣಲಿಲ್ಲ. ಹೋಯ್ತು ಅಂದ್ಕೊಂಡೆ."

ನಲ್ಲಿ ಸುರಿಯುತ್ತಲೇ ಇತ್ತು. ಶಶಿರೇಖಾ ಬಚ್ಚಲ ಹೊಸ್ತಿಲ ಮೇಲೆ ಕುಳಿತಳು. "ಯಾವಾಗಿಂದ ಗೊತ್ತು ನಿನಗೆ?"

"ಟಿವಿ ಕೆಟ್ಟಿದೆ, ರಿಪೇರಿ ಆಗಲ್ಲ ಅಂದೆಯಲ್ಲ, ಅವತ್ತಿಂದ. ನಿನ್ನ ಕೈಲಿ ರಿಪೇರಿ ಆಗದೇ ಇರೋ ಟಿವಿ ಯಾವುದೇ? ಪಕ್ಕದ ಮನೆಗೆ ಹೋಗಿ ನೋಡಿದೆ." ಒಂದಷ್ಟು ತಿಕ್ಕಿ ಮತ್ತೆ ಕೇಳಿದರು. "ಕರೆದರೆ ತಿರುಗುತ್ತಾ ಆ ಮಗು?"

"ಇಲ್ಲಮ್ಮ."

ಚೆಲುವಮ್ಮ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಮಗಳು ಬೇಡ ಎನ್ನಲಿಲ್ಲ.

ಆ ನೀರು ನನ್ನ ಕೊಳವೆಯೊಳಗೆ ಇಳಿದು, ಕಾಗೆಬಂಗಾರದ ಹಾಳೆ ಬಿಟ್ಟುಕೊಂಡಿತು. ಆಮೇಲೆ ಒಮ್ಮೆ ವೈರು ಚುಚ್ಚಿದಾಗ ಫ್ಯೂಸು ಹೋಯಿತು, ನಾನು ಮತ್ತೆ ಕಾಯಲಿಲ್ಲ. ಶಶಿರೇಖೆಗೆ ನನ್ನನ್ನು ರಿಪೇರಿ ಮಾಡುವುದು ದೊಡ್ಡ ಕೆಲಸವಲ್ಲ, ಆದರೆ ಅವಳು ಮಾಡಿಲ್ಲ. ಈಗ ಶೆಲ್ಫಿನಲ್ಲಿ ಹಳೆಯ ಊದುಬತ್ತಿ ಡಬ್ಬಿಯ ಪಕ್ಕ ಮಲಗಿದ್ದೇನೆ. ಎಷ್ಟೋ ತಂತಿಗಳನ್ನು ಕೂಡಿಸಿದ್ದೇನೆ ಎಂಬ ಜಂಬ ಒಂದು ಕಾಲಕ್ಕೆ ನನಗಿತ್ತು, ದೇವಮ್ಮನ ಮನೆಯಲ್ಲಿ ಅದು ಇಳಿದುಹೋಯಿತು. ತಾಯಿ ಮಗಳು ಎದುರುಬದುರು ಕೂತು ಬಿಳಿ ಸಾರು ಉಣ್ಣುತ್ತಾರೆ. ಈಗ ಒಬ್ಬರಿಂದೊಬ್ಬರು ಮುಚ್ಚಿಡುವುದು ಏನೂ ಉಳಿದಿಲ್ಲ, ಮಾತೂ ಹೆಚ್ಚು ಉಳಿದಿಲ್ಲ. ನನ್ನ ಹಿಡಿಯ ಕೆಂಪು ಬಣ್ಣವೆಲ್ಲ ಆ ನಾರಿಗೆ ಎದ್ದುಹೋಗಿದೆ. ಹಳದಿ ಹಾಗೇ ಇದೆ.